ಯಾರ ಸಾವಿಗೆ ಪಟಾಕಿ

ದೊಡ್ಡತಾಯಮ್ಮ ಪ್ರಾಣ ಬಿಟ್ಟದ್ದು ಬೆಳಗಿನ ಜಾವ ಐದಕ್ಕೆ. ಏಕಾಂತಯ್ಯನನ್ನು ಮಚ್ಚಿನಲ್ಲಿ ಕೊಚ್ಚಿ ಹಾಕಿದ್ದು ಅದೇ ದಿನ ಏಳೂವರೆಗೆ. ಶ್ರೀರಾಂಪುರದ ಆ ಎರಡು ಮನೆಗಳ ನಡುವೆ ಇದ್ದದ್ದು ಎರಡು ಅಡ್ಡರಸ್ತೆ, ಒಂದು ಹಾಲಿನ ಬೂತು. ಸಾವಿಗೆ ಹೊತ್ತುಗೊತ್ತು ಅನ್ನುವುದು ಎಳ್ಳಷ್ಟಾದರೂ ಇದ್ದಿದ್ದರೆ ಅವೆರಡರಲ್ಲಿ ಒಂದು ಮಾರನೇ ದಿನ ಬರುತ್ತಿತ್ತು, ಸರೋಜಮ್ಮ ಇವತ್ತಿಗೂ ನೆಮ್ಮದಿಯಾಗಿ ಹೂ ಕಟ್ಟಿಕೊಂಡು ಇರುತ್ತಿದ್ದಳು.

ಸರೋಜಮ್ಮ ದೊಡ್ಡತಾಯಮ್ಮನ ಕಿರಿಯ ಸೊಸೆ. ನಸುಕಿನಲ್ಲೇ ದೇವರಾಜ ಮಾರುಕಟ್ಟೆಗೆ ಹೋಗಿ ಮಲ್ಲಿಗೆ, ಸೇವಂತಿಗೆ, ಕನಕಾಂಬರ ತಂದು, ಕಟ್ಟಿ, ಬಡಾವಣೆಯ ಮನೆಮನೆಗೆ ಮೊಳ ಹಾಕಿ ಕೊಡುವವಳು. ಗಂಡ ಬಸವರಾಜು ಆಟೋ ಓಡಿಸುತ್ತಿದ್ದ, ಈಗ ಓಡಿಸಲಾರ. ಒಬ್ಬನೇ ಮಗ ನಿಶಾಂತ್, ಇಪ್ಪತ್ತೊಂದು ವರ್ಷ, ಬಿ.ಕಾಂ. ಕೊನೆಯ ವರ್ಷ. ಮನೆಯಲ್ಲಿ ಇದ್ದವರು ಇಷ್ಟೇ, ಜೊತೆಗೆ ಮುದುಕಿ.

ಮುದುಕಿಗೆ ತೊಂಬತ್ತನಾಲ್ಕು. ಕಣ್ಣಿಗೆ ಕನ್ನಡಕವಿರಲಿಲ್ಲ, ಬಾಯಿಗೆ ಬೀಗವಿರಲಿಲ್ಲ. ರಟ್ಟೆಯಲ್ಲಿ ಕಸುವು ಇದ್ದಷ್ಟು ಕಾಲ ಸುತ್ತಮುತ್ತಲ ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕಿದವಳು. ಅವಳ ಕೈಯಲ್ಲಿ ಮಿಂದ ಕೂಸುಗಳು ಈಗ ಬೈಕಿನಲ್ಲಿ ಬುರ್ರೆಂದು ಹೋಗುವಾಗ, "ಲೇ, ನಿನ್ನ ಕುಂಡಿ ತೊಳ್ದೋಳು ನಾನು, ಮೆಲ್ಲಗೆ ಹೋಗ್ಲಾ" ಎಂದು ಜಗಲಿಯಿಂದಲೇ ಕೂಗುತ್ತಿದ್ದಳು. ಸಾವಿನ ಬಗ್ಗೆಯೂ ಅವಳು ಹುಕುಂ ಹೊರಡಿಸಿಟ್ಟಿದ್ದಳು. "ನಾ ಸತ್ತಾಗ ಯಾರಾದ್ರೂ ಗೊಳೋ ಅಂದ್ರೆ ಎದ್ದು ಬಂದು ಕಪಾಳಕ್ಕೆ ಬುಡ್ತೀನಿ. ತಮಟೆ ಬಡಿಸ್ಬೇಕು, ಪಟಾಕಿ ಹೊಡಿಸ್ಬೇಕು. ಮರಿಮಕ್ಕಳ ಕಂಡೋಳು ಕಣ್ರೋ ನಾನು."

ಅದರಲ್ಲಿ ಹೊಸದೇನೂ ಇಲ್ಲ. ಮೈಸೂರು ಸೀಮೆಯಲ್ಲಿ ತುಂಬಿ ಬಾಳಿ ಹೋದ ಜೀವಕ್ಕೆ ಅಳುವುದು ಕಡಿಮೆ. ತಮಟೆ ಬಡಿಯುತ್ತಾರೆ, ಪುರಿ ಎರಚುತ್ತಾರೆ, ಸರಪಟಾಕಿ ಸಿಡಿಸುತ್ತಾರೆ, ಮೊಮ್ಮಕ್ಕಳು ಚಟ್ಟದ ಮುಂದೆ ಕುಣಿಯುತ್ತಾರೆ. ಹೊರಗಿನಿಂದ ಬಂದವರು ಇದೇನು ಮದುವೆಯೋ ಅಂತ ಕೇಳಿ ನಾಲಿಗೆ ಕಚ್ಚಿಕೊಳ್ಳುವುದುಂಟು.

ಹೆಂಗಸರು ಮುದುಕಿಯ ಮೈ ತೊಳೆಸುತ್ತಿದ್ದಾಗ ನಿಶಾಂತ್ ಬಚ್ಚಲ ಬಾಗಿಲಿಗೆ ಬಂದು ನಿಂತ. ಅಜ್ಜಿಗಾಗಿ ಅತ್ತ ಕಣ್ಣು ಇನ್ನೂ ಕೆಂಪಗಿತ್ತು. ಕೈಯಲ್ಲಿ ಫೋನು.

"ಅವ್ವ, ಏಕಾಂತಯ್ಯನ್ನ ಎತ್ಬುಟ್ರು ಕಣವ್ವ. ಈಗ, ತಿಂಡಿ ಗಾಡಿ ಹತ್ರ. ಮೂರು ಜನ ಬಂದವ್ರೆ, ಬೈಕಲ್ಲಿ."

ಮಾಜಿ ಕಾರ್ಪೊರೇಟರ್ ಏಕಾಂತಯ್ಯ. ಸರೋಜಮ್ಮನ ಕೈಯಲ್ಲಿ ನೀರಿನ ಚೊಂಬಿತ್ತು. ಅವಳಿಗೆ ಮೊದಲು ಕಂಡದ್ದು ಗಂಡನ ಮೊಣಕಾಲು. ಹಿಂದಿನ ಎಲೆಕ್ಷನ್ನಿನಲ್ಲಿ ಬಸವರಾಜು ತನ್ನ ಆಟೋಗೆ ಏಕಾಂತಯ್ಯನ ಎದುರು ಪಕ್ಷದ ಮೈಕು ಕಟ್ಟಿಕೊಂಡು ತಿರುಗಿದ್ದ. ಬಾಡಿಗೆಗೆ ತಿರುಗಿದ್ದನೇ ಹೊರತು ಅವನಿಗೆ ಯಾವ ಪಕ್ಷವೂ ಒಂದೇ. ರಿಂಗ್ ರೋಡಿನಲ್ಲಿ ಏಕಾಂತಯ್ಯನ ಹುಡುಗರು ಅಡ್ಡ ಹಾಕಿ ಕಬ್ಬಿಣದ ರಾಡಿನಲ್ಲಿ ಮಂಡಿ ಪುಡಿ ಮಾಡಿದರು. ಠಾಣೆಯಲ್ಲಿ ಕಂಪ್ಲೇಂಟು ತೆಗೆದುಕೊಳ್ಳಲಿಲ್ಲ. ಮೂರನೇ ದಿನ ಏಕಾಂತಯ್ಯ ತಾನೇ ಆಸ್ಪತ್ರೆಗೆ ಬಂದು, ಮಂಚದ ಮೇಲೆ ಬ್ರೆಡ್ಡು ಮೂಸಂಬಿ ಇಟ್ಟು, "ಹುಡುಗ್ರು ಕಣಯ್ಯ, ಗೊತ್ತಾಗ್ದೆ ಮಾಡವ್ರೆ" ಅಂದು, ಬೆನ್ನು ತಟ್ಟಿ, ಜೊತೆಗೆ ಬಂದವನಿಂದ ಫೋಟೋ ತೆಗೆಸಿಕೊಂಡು ಹೋದ. ಕಾಲು ಮುರಿಸಿದ್ದಕ್ಕಿಂತ ಆ ಮೂಸಂಬಿಯೇ ಸರೋಜಮ್ಮನನ್ನು ಹೆಚ್ಚು ಸುಟ್ಟಿತ್ತು. ಅವತ್ತಿನಿಂದ ಅವರ ಮನೆಗೆ ಹೂ ಕೊಡುವುದನ್ನು ನಿಲ್ಲಿಸಿದ್ದಳು.

"ಸತ್ನಾ?" ಎಂದು ಕೇಳಿದಳು.

"ಸ್ಪಾಟಲ್ಲೇ."

"ಹೊಟ್ಟೆಗೆ ಹಾಲು ಹುಯ್ದಂಗಾಯ್ತು ಕಣೋ" ಅಂದಳು ಸರೋಜಮ್ಮ. ಅತ್ತೆಯ ಹೆಣದ ಮೇಲೆ ನೀರು ಸುರಿಯುತ್ತಲೇ ಅಂದಳು. ನಿಶಾಂತ್ ನಕ್ಕ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕದ್ದು ಆ ಬೆಳಗ್ಗೆ ಅದೊಂದೇ ಸಲ. ಮುಂದೆ ನಡೆದದ್ದೆಲ್ಲದರ ಬೀಜ ಅಲ್ಲೇ ಬಿತ್ತು ಎಂದು ಅವಳು ಆಮೇಲೆ ತನ್ನನ್ನು ತಾನೇ ಬೈದುಕೊಂಡಳು.

ಅವಳೊಬ್ಬಳನ್ನೇ ದೂರಿ ಏನು ಪ್ರಯೋಜನ? ಎಂಟು ಗಂಟೆಯ ಹೊತ್ತಿಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ನಿವೃತ್ತ ಮೇಷ್ಟ್ರು ರಾಮಸ್ವಾಮಿಯವರು "ತುಂಬಲಾರದ ನಷ್ಟ" ಎಂದು ಬರೆದರು. ಅದೇ ರಾಮಸ್ವಾಮಿಯವರು ಅದೇ ಹೆಬ್ಬೆರಳಿನಲ್ಲಿ, ಏಕಾಂತಯ್ಯನ ಕಡೆಯವರಿಲ್ಲದ ಇನ್ನೊಂದು ಗುಂಪಿನಲ್ಲಿ, "ಮಾಡಿದ್ದುಣ್ಣೋ ಮಹಾರಾಯ" ಎಂದು ಹಾಕಿ ಪಕ್ಕದಲ್ಲಿ ಮೂರು ನಗುವ ಮುಖ ಅಂಟಿಸಿದರು. ಆ ಮುಖಗಳಿಗೆ ನಲವತ್ತು ಜನ ಮೆಚ್ಚುಗೆ ಒತ್ತಿದರು. ಯಾರೋ ಮೈಸೂರು ಪಾಕಿನ ಡಬ್ಬದ ಫೋಟೋ ಹಾಕಿದರು. ಇವರೆಲ್ಲ ಇರುವೆ ಸತ್ತರೆ ಅಯ್ಯೋ ಅನ್ನುವ ಮಂದಿ.

ಹತ್ತು ಗಂಟೆಗೆ ಊರಿನಿಂದ ಬಸವರಾಜುವಿನ ಅಣ್ಣ ಹುಚ್ಚಯ್ಯ ಮಕ್ಕಳು ಮೊಮ್ಮಕ್ಕಳ ಸಮೇತ ಬಂದಿಳಿದ. ಬೋಗಾದಿಯಿಂದ ತಮಟೆಯ ಚಿಕ್ಕಬಸವಯ್ಯನೂ ಅವನ ತಂಡದವರೂ ಬಂದರು. ಬಂದವನು ತಮಟೆಯನ್ನು ಬೆಂಕಿಗೆ ಕಾಯಿಸಲಿಲ್ಲ, ಗೋಡೆಗೆ ಒರಗಿಸಿ ಕೂತ.

"ಬ್ಯಾಡ ಕಣವ್ವ ಇವತ್ತು. ದಾರೀಲಿ ನೋಡ್ಕೊಂಡು ಬಂದೆ, ಅವರ ಮನೆ ಮುಂದೆ ಇನ್ನೂರು ಜನ ಅವ್ರೆ. ನಾವು ಅಲ್ಲೇ ಹಾದು ಹೋಗ್ಬೇಕು. ಬಡಿಯೋಕೆ ಕೈ ಏಳಾಕಿಲ್ಲ."

"ನಮ್ಮವ್ವನ್ನ ಮೂಕಿ ತರ ಕಳಿಸೋದಾ?" ಹುಚ್ಚಯ್ಯ ಎಗರಾಡಿದ. "ಅವನ್ಯಾವನೋ ಸತ್ರೆ ನಮ್ಮವ್ವ ಯಾಕೆ ಬಾಯಿ ಮುಚ್ಕೊಂಡು ಹೋಗ್ಬೇಕು?"

ಬಸವರಾಜು ಗೋಡೆ ಹಿಡಿದು ಎದ್ದು ನಿಂತು ಒಂದು ದಾರಿ ಹೇಳಿದ. ನೀರಿನ ಟ್ಯಾಂಕು ದಾಟುವ ತನಕ ಸದ್ದಿಲ್ಲದೆ ಹೋಗುವುದು. ಟ್ಯಾಂಕು ದಾಟಿದ ಮೇಲೆ ಸ್ಮಶಾನದವರೆಗೆ ಅವ್ವ ಕೇಳಿದಷ್ಟೂ ಬಡಿಸುವುದು, ಹೊಡಿಸುವುದು. "ಅವನು ಎಂಥೋನೇ ಆಗಿರ್ಲಿ, ಹೆಂಡ್ತಿ ಮಗಳು ಏನು ಮಾಡವ್ರೆ?" ಅಂದ. ಮುರಿದ ಕಾಲಿನವನೇ ಹಾಗೆ ಅಂದ ಮೇಲೆ ಮಿಕ್ಕವರು ತಲೆಯಾಡಿಸಿದರು.

ಚಟ್ಟಕ್ಕೆ ಸರೋಜಮ್ಮ ತಾನೇ ಹೂ ಮುಡಿಸಿದಳು. ಹೊರಡುವ ಹೊತ್ತಿಗೆ ನಿಶಾಂತ್ ಅಡುಗೆಮನೆಗೆ ಬಂದ. ಹೆಗಲಲ್ಲಿ ಪಟಾಕಿಯ ಚೀಲ.

"ಬೆಂಕಿಪೊಟ್ಟಣ ಕೊಡವ್ವ."

"ಟ್ಯಾಂಕು ದಾಟಿದ್ಮೇಲೆ ಕಣೋ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಅವನ ದವಡೆ ಬಿಗಿದಿತ್ತು. ಅವನು ಎಲ್ಲಿ ಹಚ್ಚುತ್ತಾನೆ ಎಂದು ಹೆತ್ತವಳಿಗೆ ಗೊತ್ತಾಯಿತು. ಹೇಳಿಸಿಕೊಳ್ಳದೆಯೇ ಗೊತ್ತಾಯಿತು. ಬೈದು ಚೀಲ ಕಿತ್ತುಕೊಳ್ಳಬಹುದಿತ್ತು, ಹುಚ್ಚಯ್ಯನ ಕೈಗೆ ಕೊಡಬಹುದಿತ್ತು. ಆದರೆ ಮೂಸಂಬಿಯ ನೆನಪು ಗಂಟಲವರೆಗೆ ಬಂದು ನಿಂತಿತ್ತು. ಕೇಳಿಸಲಿ, ಅವರಿಗೂ ಒಂದು ಸಲ ಕೇಳಿಸಲಿ, ಅಂದುಕೊಂಡಳು. ಬೆಂಕಿಪೊಟ್ಟಣ ತೆಗೆದು ಮಗನ ಅಂಗೈಯಲ್ಲಿಟ್ಟಳು.

ಏಕಾಂತಯ್ಯನ ಅಡ್ಡರಸ್ತೆಯ ಬಾಯಲ್ಲಿ ಶಾಮಿಯಾನ ಏಳುತ್ತಿತ್ತು. ಹೆಣ ಇನ್ನೂ ದೊಡ್ಡಾಸ್ಪತ್ರೆಯ ಶವಾಗಾರದಲ್ಲಿತ್ತು. ಕುರ್ಚಿ ಇಳಿಸುತ್ತಿದ್ದ ಗಂಡಸರು, ಕಪ್ಪು ಬಟ್ಟೆ ಕಟ್ಟುತ್ತಿದ್ದ ಹುಡುಗರು, ಲಾಠಿ ಹಿಡಿದು ಆಕಳಿಸುತ್ತಿದ್ದ ಇಬ್ಬರು ಪೊಲೀಸರು. ದೊಡ್ಡತಾಯಮ್ಮನ ಚಟ್ಟ ಹತ್ತಿರ ಬಂದಾಗ ಅವರೆಲ್ಲ ಕೆಲಸ ಬಿಟ್ಟು ಪಕ್ಕಕ್ಕೆ ಸರಿದು ದಾರಿ ಕೊಟ್ಟರು. ಕೆಲವರು ಚಪ್ಪಲಿ ಬಿಟ್ಟು ಕೈ ಮುಗಿದರು. ಒಬ್ಬ ಮುದುಕ, "ಪುಣ್ಯಾತ್ಗಿತ್ತಿ, ನಮ್ಮನೆ ಮಕ್ಕಳಿಗೆಲ್ಲ ನೀರಾಕಿದ್ಲು" ಅಂದ. ಸರೋಜಮ್ಮ ಆಗ ನಿಶಾಂತ್ ಎಲ್ಲಿ ಎಂದು ತಿರುಗಿ ನೋಡಿದಳು.

ಅವನು ಹಿಂದೆ ಉಳಿದಿದ್ದ. ರಸ್ತೆಯ ನಡುವೆ ಸರ ಬಿಡಿಸಿ ಹಾಸಿದ್ದ, ಹತ್ತು ಸಾವಿರದ ಸರ. ಕಡ್ಡಿ ಗೀರಿದ್ದೂ ಆಗಿತ್ತು.

ಆ ಸದ್ದು ಎಷ್ಟು ಹೊತ್ತು ಇತ್ತೋ. ಎರಡು ನಿಮಿಷ ಇರಬಹುದು. ಆ ಎರಡು ನಿಮಿಷದಲ್ಲಿ ಮೊದಲ ಕೆಲವು ಗಳಿಗೆ ಸರೋಜಮ್ಮನಿಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೈಯೆಲ್ಲ ಜುಂ ಅಂದಿತು, ಮೂರು ವರ್ಷದಿಂದ ಕಟ್ಟಿಕೊಂಡದ್ದು ಬಿಚ್ಚಿದ ಹಾಗೆ ಆಯಿತು. ಆಮೇಲೆ ಹೊಗೆಯ ಸಂದಿನಲ್ಲಿ ಆಗತಾನೇ ಕೈ ಮುಗಿದಿದ್ದ ಆ ಮುದುಕನ ಮುಖ ಕಂಡಿತು, ಸಂತೋಷ ಅಲ್ಲೇ ಸತ್ತುಹೋಯಿತು.

ಮೊದಲ ಕುರ್ಚಿ ಬಂದು ನಿಶಾಂತನ ಬೆನ್ನಿಗೆ ಬಡಿಯಿತು. ಹಿಂದೆಯೇ ಇಪ್ಪತ್ತು ಮೂವತ್ತು ಜನ ಬಂದರು. ಹೊತ್ತವರು ಚಟ್ಟವನ್ನು ದಾರಿ ನಡುವೆಯೇ ಇಳಿಸಬೇಕಾಯಿತು. ತಮಟೆಯವರು ಬೇಲಿ ಹಾರಿದರು. ಹುಚ್ಚಯ್ಯನ ಅಂಗಿ ಹರಿಯಿತು. ಬಸವರಾಜು ಕುಂಟುತ್ತ ನಡುವೆ ಹೋಗಿ ಬಿದ್ದ, ಅವನನ್ನು ದಾಟಿಕೊಂಡು ಹೋದರು. ನಿಶಾಂತ್ ಓಡಿ ಬಂದು ಅಜ್ಜಿಯ ಚಟ್ಟದ ಬಿದಿರು ತಬ್ಬಿಕೊಂಡು ಕೂತ. ಹೆಣ ಹಿಡಿದುಕೊಂಡವನನ್ನು ಎಳೆಯಲು ಅವರು ಕ್ಷಣ ಅಳುಕಿದರು. ಅವನು ಆಗ ಬದುಕಿದ್ದು ಆ ಅಳುಕಿನಿಂದ.

"ಎಳ್ಕೊಳ್ರೋ ಆಚೆಗೆ! ಅಣ್ಣ ಸತ್ತಿರೋದಕ್ಕೆ ದೀಪಾವಳಿ ಮಾಡ್ತಾನೆ ಬೋಳಿಮಗ!"

"ಇಲ್ಲೇ ಮುಗಿಸ್ಬುಡಣ. ಒಂದಕ್ಕೊಂದು ಸರಿ ಹೋಗತ್ತೆ!"

ಪೊಲೀಸರಲ್ಲೊಬ್ಬ ವೈರ್‌ಲೆಸ್ಸಿನಲ್ಲಿ ಜನ ಕಳಿಸಿ ಎಂದು ಕಿರುಚುತ್ತಿದ್ದ. ಮಹಡಿಗಳ ಮೇಲೆಲ್ಲ ಫೋನುಗಳು ಎದ್ದಿದ್ದವು, ತಡೆಯಲು ಯಾರೂ ಕೆಳಗಿಳಿಯಲಿಲ್ಲ. ಸರೋಜಮ್ಮ ಮಗನ ಮೇಲೆ ಅಡ್ಡ ಬಿದ್ದು, ಸಿಕ್ಕಿದವರ ಕಾಲು ಹಿಡಿದಳು. "ನನ್ನ ಹೊಡೀರಪ್ಪ, ನನ್ನ ಹೊಡೀರಿ, ಒಬ್ನೇ ಮಗ ಕಣ್ರಪ್ಪ." ಯಾರೋ ಅವಳ ಕೈಯನ್ನು ಒದ್ದರು. ನಿಶಾಂತನ ಮೂಗಿನಿಂದ ರಕ್ತ ಸುರಿದು ಮುದುಕಿಯ ಬಿಳಿ ಸೀರೆಯ ಮೇಲೆ ಬೀಳುತ್ತಿತ್ತು.

ಆಗ ಗುಂಪು ತಾನಾಗಿ ಸೀಳಿಕೊಂಡಿತು. ಪಂಕಜಾ ಬರುತ್ತಿದ್ದಳು. ಏಕಾಂತಯ್ಯನ ಹೆಂಡತಿ. ಬೆಳಗ್ಗೆ ಸ್ನಾನ ಮಾಡಿ ತಲೆಗೆ ಸುತ್ತಿದ್ದ ಟವೆಲು ಇನ್ನೂ ಕುತ್ತಿಗೆಯ ಮೇಲೆ ಜೋತುಬಿದ್ದಿತ್ತು. ಮೂರು ವರ್ಷದ ಹಿಂದಿನವರೆಗೆ ಸರೋಜಮ್ಮ ದಿನಾ ಅವಳ ಕೈಗೆ ಮೊಳ ಹೂ ಕೊಟ್ಟು ಎರಡು ಮಾತಾಡಿ ಬರುತ್ತಿದ್ದಳು. ಪಂಕಜಾ ಚಟ್ಟದ ಹತ್ತಿರ ನಿಂತು ಮೊದಲು ಹೆಣವನ್ನು ನೋಡಿದಳು.

"ದೊಡ್ಡತಾಯಮ್ಮನಾ?" ಅಂದಳು. "ಯಾವಾಗ?"

"ಬೆಳಗಿನ ಜಾವ" ಎಂದಳು ಸರೋಜಮ್ಮ.

"ನಂಗೆ ಯಾರೂ ಹೇಳ್ಲಿಲ್ಲ." ಪಂಕಜಾ ಸುತ್ತ ನೋಡಿದಳು. "ಇವನು ಹಾಡು ಹಾಕ್ಕೊಂಡು ಕುಣಿದ, ನಮ್ಮ ಯಜಮಾನರು ಸತ್ತಿದ್ದಕ್ಕೆ ಪಟಾಕಿ ಹೊಡೆದ ಅಂತ ಹೇಳ್ತಿದಾರೆ. ನೀವು ಹೇಳಿ ಸರೋಜಮ್ಮ. ನನ್ನ ಅನುಪಮಾಗೆ ಮೂರು ತಿಂಗಳು ನೀರು ಹಾಕಿದ ಜೀವ ಇದು. ಇವರ ಮೈ ಮುಟ್ಟಿ ಹೇಳಿ, ನಾನು ನಂಬ್ತೀನಿ. ಆ ಪಟಾಕಿ ಯಾರಿಗೆ ಹೊಡೆದ್ರಿ?"

ಹೆಣ ಮುಟ್ಟಿ ಸುಳ್ಳು ಹೇಳಿದರೆ ಅದು ಹೇಳಿದವರ ಮಕ್ಕಳನ್ನು ತಿನ್ನುತ್ತದೆ ಅನ್ನುವುದು ಸರೋಜಮ್ಮನಿಗೆ ಹುಟ್ಟಿದಾಗಿನಿಂದ ಗೊತ್ತು. ಅವಳ ಅತ್ತೆಯೇ ಅಂಥ ಮೂರು ಮನೆಗಳ ಕತೆ ಹೇಳಿದ್ದಳು, ಹೆಸರು ಸಮೇತ. ನಿಜ ಹೇಳಿದರೆ ಮಗ ಈಗಲೇ ಸಾಯುತ್ತಾನೆ. ಸುಳ್ಳು ಹೇಳಿದರೆ ಯಾವತ್ತೋ ಸಾಯುತ್ತಾನೆ. ತಾಯಿಯಾದವಳು ಯಾವತ್ತೋ ಅನ್ನುವುದನ್ನೇ ಆರಿಸಿಕೊಂಡಳು.

ಅತ್ತೆಯ ಹಣೆಯ ಮೇಲೆ ಕೈ ಇಟ್ಟಳು. ಬಿಸಿಲಿಗೆ ಅದು ಬೆಚ್ಚಗಾಗಿತ್ತು, ಬದುಕಿದ್ದವರ ಹಣೆಯಷ್ಟೇ.

"ಅತ್ತೆಗೇ ಕಣವ್ವ. ಅತ್ತೆಗೇ ಹೊಡೆದಿದ್ದು. ಅವರೇ ಕೇಳ್ಕೊಂಡಿದ್ರು."

"ಮತ್ತೆ ನಮ್ಮ ಅಣ್ಣನ ಮನೆ ಮುಂದೇನೇ ಯಾಕೆ? ಅಲ್ಲೀತನಕ ಒಂದು ಸದ್ದಿಲ್ಲ!" ಒಬ್ಬ ಮುಂದೆ ನುಗ್ಗಿದ.

"ಮೂರು ದಾರಿ ಸೇರತ್ತಲ್ಲಪ್ಪ ಇಲ್ಲಿ." ಅವಳ ಬಾಯಿಂದ ಮಾತು ತಾನಾಗಿ ಉದುರಿತು. "ಮರಿಮಕ್ಕಳ ಕಂಡೋರ ಹೆಣ ಮೊದಲು ಮೂರು ದಾರಿ ಸೇರೋ ಕಡೆ ಬಂದಾಗ ಸರ ಹಚ್ಬೇಕು ಅಂತ ನಮ್ಮ ಅತ್ತೆ ಕಡೆ ಐತೆ. ಅಲ್ಲೀಗಂಟ ಬಡೀಬಾರ್ದು, ಹೊಡೀಬಾರ್ದು."

ಹಾಗೆ ಎಲ್ಲೂ ಇಲ್ಲ. ಮೈಸೂರು ಜಿಲ್ಲೆಯ ಯಾವ ಊರಲ್ಲೂ ಯಾವ ಕುಲದಲ್ಲೂ ಇಲ್ಲ. ಆದರೆ ಕೈ ಮುಗಿದಿದ್ದ ಆ ಮುದುಕ ನಿಧಾನವಾಗಿ ತಲೆಯಾಡಿಸಿ, "ಹೂಂ, ನಮ್ಮ ಅಜ್ಜಿ ಕಾಲದಲ್ಲಿ ಇತ್ತು ಹಂಗೆ" ಅಂದ. ಅದನ್ನು ಕೇಳಿ ಇನ್ನೊಬ್ಬನೂ ಹೌದೆಂದ. ಶಾಸ್ತ್ರ ಗೊತ್ತಿಲ್ಲ ಅನ್ನಿಸಿಕೊಳ್ಳಲು ನಮ್ಮಲ್ಲಿ ಯಾರಿಗೂ ಇಷ್ಟವಿಲ್ಲ, ಕೊಲ್ಲಲು ಬಂದವರಿಗೂ ಇಷ್ಟವಿಲ್ಲ. ಹುಚ್ಚಯ್ಯ ಬಾಯಿ ತೆರೆದವನು ತಮ್ಮನ ಮುಖ ನೋಡಿ ಮುಚ್ಚಿದ.

"ಬಿಡ್ರೋ ಹುಡುಗನ್ನ" ಅಂದಳು ಪಂಕಜಾ. "ಕೈ ಮುಟ್ಟಿದ್ರೆ ನನ್ನಾಣೆ. ಇಷ್ಟು ತುಂಬಿ ಬದುಕಿದೋರು ಸತ್ರೆ ಪಟಾಕಿ ಹೊಡೀದೆ ಇನ್ನೇನು ಮಾಡ್ತಾರೆ? ತಮಟೆಯೋರು ಎಲ್ಲಪ್ಪ? ಬನ್ನಿ, ಬಡೀರಿ. ನನ್ನ ಗಂಡನಿಗೆ ಐವತ್ತೂ ತುಂಬಿರ್ಲಿಲ್ಲ, ಅವರಿಗೆ ಆ ಭಾಗ್ಯ ಇಲ್ಲ. ಇವರಾದ್ರೂ ಸರಿಯಾಗಿ ಹೋಗ್ಲಿ."

ಬೇಲಿಯಾಚೆಯಿಂದ ಚಿಕ್ಕಬಸವಯ್ಯ ತಮಟೆ ಎತ್ತಿಕೊಂಡು ಬಂದ. ಚಟ್ಟ ಮೇಲೆದ್ದಿತು. ಸರೋಜಮ್ಮ ಹಿಂದೆ ಹೆಜ್ಜೆ ಹಾಕಲು ಹೋದಾಗ ಪಂಕಜಾ ಅವಳ ಮುಂಗೈ ಹಿಡಿದಳು. ಒದೆ ತಿಂದ ಕೈ ಅದು. ನೋವಿಗೆ ಕಣ್ಣು ಕತ್ತಲಿಟ್ಟರೂ ಸರೋಜಮ್ಮ ಕೊಸರಲಿಲ್ಲ.

"ಗಂಡಸರು ಹೋಗಿ ಮಣ್ಣು ಮಾಡ್ಲಿ. ನೀವು ನನ್ನ ಜೊತೆ ಇರಿ. ನಂಗೆ ಯಾರೂ ಇಲ್ಲ."

ಹೋಗು ಎಂದು ಬಸವರಾಜು ಕಣ್ಣಲ್ಲೇ ಹೇಳಿದ. ಅವನ ಕಣ್ಣಲ್ಲಿ ಹೆಂಡತಿಯ ಬಗ್ಗೆ ಒಂದು ಹೊಸ ಹೆದರಿಕೆ ಇತ್ತು. ತಾನು ಮೂವತ್ತು ವರ್ಷ ಅನ್ನ ಹಾಕಿದ, ಮೈ ತೊಳೆಸಿದ ಅತ್ತೆಗೆ ಮೂರು ಹಿಡಿ ಮಣ್ಣು ಹಾಕುವ ಪುಣ್ಯ ಸರೋಜಮ್ಮನಿಗೆ ಇರಲಿಲ್ಲ. ಅತ್ತೆಯ ಹೆಸರಿನಲ್ಲಿ ಸುಳ್ಳು ಹೇಳಿದ ಕೈ ಮಣ್ಣು ಹಾಕದಿರುವುದೇ ಸರಿ ಎಂದೂ ಅವಳಿಗೆ ಅನ್ನಿಸಿತು.

ಏಕಾಂತಯ್ಯನ ನಡುಮನೆಯಲ್ಲಿ ಜಮಖಾನ ಹಾಸಿದ್ದರು. ಹೆಂಗಸರು ಗೋಡೆ ಉದ್ದಕ್ಕೂ ಕೂತಿದ್ದರು. ಬಡಾವಣೆಯವರೇ, ಸರೋಜಮ್ಮನಿಂದ ದಿನಾ ಹೂ ಕೊಳ್ಳುವವರೇ. ಪಂಕಜಾ ಅವಳನ್ನು ತನ್ನ ಮಗ್ಗುಲಿಗೆ ಕೂರಿಸಿಕೊಂಡು ಕೈ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ದೂರದಿಂದ ತಮಟೆಯ ಸದ್ದು ಬಂತು, ಹಿಂದೆಯೇ ಪಟಾಕಿ.

"ನಿಮ್ಮ ಅತ್ತೇದು" ಎಂದು ಪಂಕಜಾ ಹೇಳಿದಳು. ಪಟಾಕಿಗೆ ಬೆಚ್ಚಿದ ಹೆಂಗಸರಿಗೆ ಅವಳೇ ವಿವರಿಸಿದಳು, ಮೂರು ದಾರಿ ಸೇರುವ ಕಡೆ ಹಚ್ಚಬೇಕಂತೆ, ಹಳೇ ಕಾಲದ ಶಾಸ್ತ್ರವಂತೆ.

ಆಮೇಲೆ ಫೋನು ತೆಗೆದಳು. "ಇದನ್ನ ನೋಡಿ ಸರೋಜಮ್ಮ." ಒಂದೊಂದೇ ತೋರಿಸಿದಳು. ನಗುವ ಮುಖಗಳು. ಸಿಹಿಯ ಡಬ್ಬ. ತಿಂಡಿ ಗಾಡಿಯ ಪಕ್ಕ ಮಗುಚಿಬಿದ್ದ ಗಂಡನ ಫೋಟೋ, ಅದರ ಮೇಲೆ ಯಾರೋ ಬರೆದ ತಮಾಷೆ. "ಎಲ್ಲ ಗುಂಪಿಂದ್ಲೂ ಯಾರೋ ಒಬ್ರು ನಂಗೆ ಕಳಿಸ್ತಾನೇ ಇದಾರೆ. ನೋಡ್ಲಿ ಅಂತ. ನಮ್ಮನೇಲಿ ತಿಂದು ಉಂಡೋರು. ನಮ್ಮ ಯಜಮಾನರು ಒಳ್ಳೆಯೋರು ಅಂತ ನಾ ಹೇಳಲ್ಲ. ನಿಮ್ಮ ಯಜಮಾನರಿಗೆ ಮಾಡಿಸಿದ್ದು ನಂಗೆ ಗೊತ್ತು. ಅವತ್ತು ರಾತ್ರಿ ಜಗಳ ಆಡ್ದೆ, ನಂಗೂ ಎರಡು ಬಿತ್ತು. ನೀವು ಹೂ ನಿಲ್ಲಿಸಿದ್ದು ಸರಿ ಅಂದ್ಕೊಂಡಿದ್ದೆ. ಆದ್ರೂ ಸತ್ತೋರನ್ನ ನೋಡಿ ನಗ್ತಾರಾ ಸರೋಜಮ್ಮ?"

ಸರೋಜಮ್ಮ ಜಮಖಾನದ ನೂಲು ಕೀಳುತ್ತ ಕೂತಿದ್ದಳು.

"ಈಗ ನೋಡಿ, ಇದು ಬಂತು." ಪಂಕಜಾ ಬೆರಳು ಒತ್ತಿದಳು. ಹೊಗೆ, ಸದ್ದು, ನಿಶಾಂತನ ಬೆನ್ನು. ಕೆಳಗೆ ದಪ್ಪ ಅಕ್ಷರ: ಶ್ರೀರಾಂಪುರದಲ್ಲಿ ಏಕಾಂತಯ್ಯನ ಸಾವಿಗೆ ಪಟಾಕಿ ಸಿಡಿಸಿ ಸಂಭ್ರಮ. "ಮುದುಕಿ ಹೆಣಕ್ಕೆ ಹೊಡೆದಿದ್ದಕ್ಕೂ ಹೆಂಗೆ ಬಣ್ಣ ಕಟ್ಟಿದಾರೆ. ಪಾಪಿಗಳು. ಆ ಹುಡುಗನ್ನ ಕೊಲ್ಲಿಸೋಕೆ ಮಾಡಿರೋದು ಇದು."

ಅಲ್ಲೇ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಬಿಕ್ಕುತ್ತ ಪಂಕಜಾ ಎಲ್ಲ ಗುಂಪಿಗೂ ಕಳಿಸಲು ಮಾತಾಡಿದಳು. "ನಾನು ಏಕಾಂತಯ್ಯನವರ ಹೆಂಡತಿ. ಈ ವಿಡಿಯೊ ಸುಳ್ಳು. ಅದು ದೊಡ್ಡತಾಯಮ್ಮನವರ ಅಂತಿಮಯಾತ್ರೆ. ಆ ಹುಡುಗ ಒಳ್ಳೆಯವನು. ಅವನನ್ನ ಯಾರೂ ಏನೂ ಮಾಡಬೇಡಿ." ಅವತ್ತು ಬಡಾವಣೆಯಲ್ಲಿ ಓಡಾಡಿದ ನೂರಾರು ಸುದ್ದಿಗಳಲ್ಲಿ ನಿಜವಾದದ್ದು ಒಂದಿತ್ತು. ಗಂಡ ಸತ್ತ ಹೆಂಗಸು ತನ್ನ ಬಾಯಿಂದಲೇ ಅದನ್ನು ಅಳಿಸಿಹಾಕಿದಳು.

ಹೇಳಿಬಿಡುತ್ತೇನೆ ಎಂದು ಸರೋಜಮ್ಮನಿಗೆ ಅನ್ನಿಸಿತು. ನಿಜವಾಗಿಯೂ ಬಾಯಿ ತೆರೆದಳು. ಆದರೆ ಕಿಟಕಿಯಾಚೆ ಗೇಟಿನಲ್ಲಿ ಹುಡುಗರು ನಿಂತಿದ್ದರು. ಒಬ್ಬ ಮುರಿದ ಕುರ್ಚಿಯ ಕಾಲನ್ನು ಇನ್ನೂ ಕೈಯಲ್ಲಿ ಹಿಡಿದಿದ್ದ. ಬಾಯಿ ಮುಚ್ಚಿದಳು. ದೇವರೇ, ನನ್ನನ್ನಾದರೂ ಇಲ್ಲೇ ಕರೆದುಕೋ, ಎಂದು ಬೇಡಿಕೊಂಡಳು. ಯಾರೂ ಕರೆದುಕೊಳ್ಳಲಿಲ್ಲ.

"ಆಂಟಿ, ಸ್ವಲ್ಪ ಒಳಗೆ ಬನ್ನಿ. ಹಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ."

ಕರೆದವಳು ಅನುಪಮಾ, ಏಕಾಂತಯ್ಯನ ಮಗಳು. ಹತ್ತೊಂಬತ್ತು ವರ್ಷ. ಅವಳ ಮನೆಯ ಹಾಲು ಎಲ್ಲಿದೆ ಎಂದು ಹೂವಿನವಳಿಗೆ ಹೇಗೆ ಗೊತ್ತು? ಸರೋಜಮ್ಮ ಎದ್ದು ಹೋದಳು. ಅನುಪಮಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಒಲೆಕಟ್ಟೆಗೆ ಒರಗಿ ನಿಂತಳು.

"ನಾನು ಬಾಲ್ಕನೀಲಿದ್ದೆ ಆಂಟಿ."

ಸರೋಜಮ್ಮ ಬಾಗಿಲ ಕಡೆ ನೋಡಿದಳು.

"ಅವನು ನನ್ನ ನೋಡ್ದ. ನೋಡಿ ನಕ್ಕ. ಹಚ್ಚಿ ಅಪ್ಪನ ಹೆಸರು ಕೂಗ್ದ. ಆ ಸದ್ದಲ್ಲಿ ಯಾರಿಗೂ ಕೇಳ್ಸಿಲ್ಲ, ನಂಗೆ ಕಾಣಿಸ್ತು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ನೀವು ಅಜ್ಜಿ ಹಣೆ ಮುಟ್ಟಿ ಅಷ್ಟು ಚೆನ್ನಾಗಿ ಹೇಳಿದ್ರಿ. ನಾನೂ ಮೆಟ್ಟಲಿಳಿದು ಬಂದಿದ್ದೆ, ಹಿಂದೇನೇ ನಿಂತಿದ್ದೆ."

ಸರೋಜಮ್ಮ ಕುಸಿದು ಅವಳ ಕಾಲು ಹಿಡಿದಳು. "ನನ್ನವ್ವ, ನನ್ನ ತಾಯಿ, ಅವನ್ನ ಉಳಿಸ್ಕೊಡವ್ವ. ಬೆಂಕಿಪೊಟ್ಟಣ ಕೊಟ್ಟೋಳು ನಾನು. ನಾನೂ ನಕ್ಕೆ. ನನಗೇನು ಬೇಕಾದ್ರೂ ಮಾಡು."

"ಏಳಿ. ಅಮ್ಮ ಬಂದ್ರೆ ನೋಡ್ತಾರೆ." ಹುಡುಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ಗೇಟಲ್ಲಿರೋರಿಗೆ ಒಂದು ಮಾತು ಹೇಳಿದ್ರೆ ಸಾಕಿತ್ತು. ಎರಡು ಸಲ ಹೋದೆ, ಚಪ್ಪಲಿ ಹಾಕ್ಕೊಂಡು. ಅವರು ಅವನ್ನ ಹೊಡೀತಾರೆ, ಅವನು ಸಾಯ್ತಾನೆ ಅಂತ ನೆನೆಸ್ಕೊಂಡೆ. ಬೆಳಗ್ಗೆಯಿಂದ ಮೊದಲನೇ ಸಲ ನಂಗೆ ಸಂತೋಷ ಆಯ್ತು ಆಂಟಿ. ಚೆನ್ನಾಗಿತ್ತು ಅದು." ಆಗ ಅವಳ ತುಟಿ ಅದುರಿತು. "ಅದಕ್ಕೇ ಭಯ ಆಗಿ ವಾಪಸ್ ಬಂದೆ."

ಹೊರಗೆ ಆಂಬುಲೆನ್ಸಿನ ಸದ್ದು ಕೇಳಿಸಿತು. ಮನೆಯೆಲ್ಲ ಒಮ್ಮೆಗೇ ಎದ್ದಿತು. ಅನುಪಮಾ ಬಾಗಿಲಿಗೆ ಕೈ ಇಟ್ಟವಳು ತಿರುಗಿದಳು.

"ನೀವು ಅಮ್ಮಂಗೆ ನಿಜ ಹೇಳಕೂಡ್ದು. ನಿಮಗೆ ಹೊಟ್ಟೆ ಹಗುರ ಆಗತ್ತೆ, ಅವರು ಸತ್ತೇ ಹೋಗ್ತಾರೆ. ನಾಳೆನೂ ಬನ್ನಿ. ಹನ್ನೊಂದನೇ ದಿನದ ತನಕ ದಿನಾ ಬನ್ನಿ. ನಗದೆ ಇದ್ದೋರು ಒಬ್ರಾದ್ರೂ ಇದಾರೆ ಅಂತ ಅವರು ಅಂದ್ಕೊಂಡಿರ್ಲಿ."

"ಸರೋಜಮ್ಮಾ!" ನಡುಮನೆಯಿಂದ ಕೂಗು ಬಂತು. "ಸರೋಜಮ್ಮ ಎಲ್ಲಿ? ಬನ್ನಿ, ಅವರನ್ನ ಕರ್ಕೊಂಡು ಬಂದ್ರು."

ಸರೋಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ನಾಲ್ಕು ಜನ ಹೊಸಿಲು ದಾಟಿಸುತ್ತಿದ್ದರು. ಗೋಡೆ ಬದಿಯ ಹೆಂಗಸರು ಎದ್ದು ಪಂಕಜಾಳನ್ನು ಹಿಡಿದುಕೊಳ್ಳಲು ಮುಂದೆ ಬಂದರು. ಪಂಕಜಾ ಅವರನ್ನೆಲ್ಲ ತಳ್ಳಿ, ಓಡಿ ಬಂದು ಸರೋಜಮ್ಮನ ಹೆಗಲ ಮೇಲೆ ಬಿದ್ದಳು. "ನೀವ್ಯಾರೂ ಮುಟ್ಟಬೇಡಿ ನನ್ನ" ಎಂದು ಬಡಾವಣೆಗೆಲ್ಲ ಕೇಳುವ ಹಾಗೆ ಚೀರಿದಳು. "ಇವರೊಬ್ರೇ ನಮ್ಮೋರು!"

ಸರೋಜಮ್ಮ ಊದಿದ ಕೈ ಎತ್ತಿ ಅವಳ ಬೆನ್ನು ಸವರಿದಳು, "ಹೂಂ ಕಣವ್ವ" ಅಂದಳು.